ಕ್ರೈಸ್ತ ಸಭೆಗಳೂ ನೆರೆಹೊರೆಯೂ

ಒಂದು ಮನೆಯಲ್ಲಿ ಅಡಿಗೆಯ ಒಲೆಯನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಬೇಕಾದರೆ ಎಷ್ಟು ಮಾತುಕತೆಯಾಗುವುದೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅತ್ತೆಯವರಿಗೆ ಹಳೆಯ ಒಲೆಯ ಹೊಗೆಯೇ ಅಭ್ಯಾಸವಾಗಿರುವುದು; ಸೊಸೆಗೆ ಅದೇ ಹೊಗೆಯಿಂದ ಕಣ್ಣುರಿ. ಇಬ್ಬರು ಹೇಳುವುದರಲ್ಲಿಯೂ ನ್ಯಾಯವುಂಟು. ನಾಲ್ಕೈದು ಮಂದಿಯ ಸಂಸಾರದಲ್ಲಿಯೇ ಹೀಗಾದರೆ, ಇನ್ನೂರು ಮುನ್ನೂರು ಕುಟುಂಬಗಳು ಒಂದೇ ಚಾವಣಿಯ ಕೆಳಗೆ ಕುಳಿತು ದೇವರನ್ನು ಸ್ತುತಿಸುವ ಸಭೆಯಲ್ಲಿ, ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿಯನ್ನು ಬದಲಿಸುವುದು ಎಷ್ಟು ಕಷ್ಟವೆಂಬುದನ್ನು ಯಾರಾದರೂ ಊಹಿಸಬಹುದು. ಆರಾಧನೆಯ ವೇಳೆಯನ್ನು ಅರ್ಧ ಗಂಟೆ ಹಿಂದಕ್ಕೆ ತಂದುದಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟ ಸಂಗತಿಗಳನ್ನು ನಾವು ಕೇಳಿದ್ದೇವೆ.

ನಮ್ಮ ನಾಡಿನ ಕ್ರೈಸ್ತ ಸಭೆಗಳ ಹಿರಿಯರೊಡನೆ ಮಾತಿಗೆ ಕುಳಿತರೆ ಎರಡು ಚಿಂತೆಗಳು ಹೊರಬೀಳುತ್ತವೆ. ಮೊದಲನೆಯದು, ಯುವಕರು ಉದ್ಯೋಗಕ್ಕೆಂದು ಬೆಂಗಳೂರಿಗೂ ಕೊಲ್ಲಿಯ ದೇಶಗಳಿಗೂ ಹೋಗಿಬಿಟ್ಟಿದ್ದಾರೆ, ಊರಲ್ಲಿ ಉಳಿದವರೂ ದೇವಾಲಯಕ್ಕೆ ಬರುವುದು ಕಡಿಮೆಯಾಗಿದೆ ಎಂಬುದು. ಎರಡನೆಯದು, ನೂರಾರು ವರ್ಷಗಳಿಂದ ಇದೇ ಬೀದಿಯಲ್ಲಿದ್ದರೂ ನೆರೆಯವರಿಗೆ ನಮ್ಮ ಪರಿಚಯವೇ ಇಲ್ಲ, ನಮ್ಮ ವಿಷಯದಲ್ಲಿ ಸಂಶಯವೇ ಹೆಚ್ಚುತ್ತಿದೆ ಎಂಬುದು. ಹಿರಿಯರು ಇವುಗಳನ್ನು ಎರಡು ಬೇರೆ ಬೇರೆ ರೋಗಗಳೆಂದು ಎಣಿಸಿ ಎರಡು ಬೇರೆ ಔಷಧಗಳನ್ನು ಹುಡುಕುತ್ತಾರೆ. ಇವೆರಡೂ ಒಂದೇ ರೋಗವೆಂಬುದು ನಮ್ಮ ಅಭಿಪ್ರಾಯ. ತನ್ನೊಳಗನ್ನೇ ನೋಡುತ್ತ ಕುಳಿತ ಸಭೆಗೆ ಬದಲಾವಣೆಯೆಂದರೆ ಬರಿಯ ಅಭಿರುಚಿಯ ಜಗಳ. ಯಾವ ರಾಗ, ಯಾವ ಭಾಷೆ, ಯಾರ ಪೀಠ ಎಂಬ ತಗಾದೆ. ತನ್ನ ಬೀದಿಯನ್ನು ಬಲ್ಲ ಸಭೆಗಾದರೋ ಬದಲಾವಣೆಗೆ ಒಂದು ಕಾರಣವು ಹೊರಗಿನಿಂದಲೇ ದೊರೆಯುತ್ತದೆ.

ಕ್ರೈಸ್ತರಲ್ಲದ ವಾಚಕರು ಇದು ತಮಗೆ ಸಂಬಂಧಿಸದ ಮಾತೆಂದು ಹಾಳೆಯನ್ನು ತಿರುವಬಾರದಾಗಿ ಕೋರುತ್ತೇವೆ. ದೇವಸ್ಥಾನ, ಮಠ, ಮಸೀದಿ, ಬಸದಿ, ಯಾವುದರ ಸಮಿತಿಯಲ್ಲಿ ಕುಳಿತವರಿಗೂ ಇದೇ ಅನುಭವವುಂಟು. ಅದಲ್ಲದೆ ಇಗರ್ಜಿಯ ಗಂಟೆ ನಿಮ್ಮ ಮನೆಗೂ ಕೇಳಿಸುತ್ತಿರುವಾಗ ಆ ಗೋಡೆಯ ಒಳಗೆ ಏನು ನಡೆಯುತ್ತದೆಂಬುದನ್ನು ತಿಳಿದಿರುವುದು ಒಳ್ಳೆಯದೇ.

ಈ ವಿಷಯಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉತ್ತಮವಾದ ಉದಾಹರಣೆ ಉಂಟು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಘದವರು 1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದರು. ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಸನದು ನವೀಕರಣಗೊಂಡು, ಆಂಗ್ಲೇಯರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲು ತೆರೆದಿತ್ತು. ಹೆಬಿಕ್, ಲೇನರ್, ಗ್ರೈನರ್ ಎಂಬ ಆ ಮೂವರು ಬಂದಿಳಿದಾಗ ಅವರಿಗೆ ಕನ್ನಡವೂ ಬಾರದು, ತುಳುವೂ ಬಾರದು. ಬಂದವರು ಮೊದಲು ಮಾಡಿದ ಕೆಲಸ ಭಾಷೆಯನ್ನು ಕಲಿತದ್ದು. ಈ ಒಂದು ಸಂಗತಿಯ ಬೆಲೆಯನ್ನು ಎಷ್ಟು ಹೇಳಿದರೂ ಕಡಿಮೆಯೇ.

ಅವರ ಹಿಂದೆ 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರ ಹೆಸರನ್ನು ಕನ್ನಡ ಪತ್ರಿಕೆಯನ್ನೋದುವ ಪ್ರತಿಯೊಬ್ಬರೂ ತಿಳಿದಿರಬೇಕು. 1843ನೆಯ ಜುಲೈ ತಿಂಗಳಲ್ಲಿ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಸಮಾಚಾರ ಪತ್ರಿಕೆ. ಅದರಲ್ಲಿ ಧರ್ಮಬೋಧೆಯೊಂದೇ ಇದ್ದುದಲ್ಲ. ಊರ ವರ್ತಮಾನ, ಸರಕಾರದ ನಿರೂಪಗಳು, ದೂರ ದೇಶದ ಸುದ್ದಿ ಎಲ್ಲವೂ ಇದ್ದವು. ತರುವಾಯ ಇದೇ ಮೋಗ್ಲಿಂಗರು ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಪರಧರ್ಮದ ಬೋಧಕನೊಬ್ಬನು ಹರಿದಾಸರ ಕೀರ್ತನೆಗಳನ್ನು ಅಚ್ಚಿಗೆ ಕೊಟ್ಟನೆಂದರೆ, ಆತನು ನೆರೆಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದನೆಂದೇ ಅರ್ಥ. ತುಳುವಿನ ಹೊಸ ಒಡಂಬಡಿಕೆಯು 1847ರಲ್ಲಿ ಕನ್ನಡ ಲಿಪಿಯಲ್ಲಿ ಮುದ್ರಿತವಾಯಿತು. 1853ರಲ್ಲಿ ಬಂದ ಫೆರ್ಡಿನಾಂಡ್ ಕಿಟ್ಟೆಲರು ಯೇಸುವಿನ ಕಥೆಯನ್ನು ನಮ್ಮ ದೇಶೀಯ ಛಂದಸ್ಸಿನಲ್ಲಿ ಹೊಸೆದು 1862ರಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ಪ್ರಕಟಿಸಿದರು. ಅವರ ಮಹಾನಿಘಂಟು 1894ರಲ್ಲಿ ಹೊರಬಂದುದು ಎಲ್ಲರಿಗೂ ತಿಳಿದ ವಿಷಯ. ಆ ನಿಘಂಟಿನಿಂದ ಉಪಕೃತರಾದವರಲ್ಲಿ ಕ್ರೈಸ್ತರ ಸಂಖ್ಯೆಯೆಷ್ಟು, ಇತರರ ಸಂಖ್ಯೆಯೆಷ್ಟು ಎಂದು ಲೆಕ್ಕ ಹಾಕಿದರೆ, ಒಂದು ಚಿಕ್ಕ ಸಮಾಜವು ತನ್ನ ಊರಿಗೆ ಏನು ಕೊಡಬಲ್ಲದೆಂಬುದು ತಿಳಿಯುತ್ತದೆ.

ಆದರೆ ಗೃಹಸ್ಥರಿಗೆ ಇದಕ್ಕಿಂತಲೂ ಹತ್ತಿರವಾದ ಕಥೆ ಹೊಟ್ಟೆಪಾಡಿನದು. ದಕ್ಷಿಣ ಕನ್ನಡದಲ್ಲಿ ಆಗ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹು ಮಂದಿ. ಅವರಲ್ಲಿ ಅನೇಕರದು ಕಳ್ಳು ಇಳಿಸುವ ಮೂರ್ತೆಯ ಕಸುಬು. ಮದ್ಯವು ಕೂಡದೆಂಬ ಮಿಶನಿನ ಕಟ್ಟಳೆಯಿಂದ ಆ ಕಸುಬನ್ನು ಬಿಡಬೇಕಾಯಿತು. ಕೆಲವರಿಗೆ ಧಣಿಗಳಿಂದ ಪಡೆದಿದ್ದ ಒಕ್ಕಲು ಭೂಮಿಯೂ ತಪ್ಪಿತು. ಕುಟುಂಬದವರು ಹೊರಗೆ ಹಾಕಿದುದರಿಂದ ಸೂರೂ ಇಲ್ಲದಾಯಿತು. ಭಾನುವಾರ ದೇವಾಲಯದಲ್ಲಿ ಹಾಡಿದವನು ಸೋಮವಾರ ಗಂಜಿಗೆ ಏನು ಮಾಡಬೇಕು? ಈ ಪ್ರಶ್ನೆಗೆ ಉಪದೇಶದಲ್ಲಿ ಉತ್ತರವಿರಲಿಲ್ಲ. ಬೇಸಾಯವನ್ನು ಹಿಡಿದು ನೋಡಿದರು, ಫಲಿಸಲಿಲ್ಲ. ಗಡಿಯಾರದ ಕೆಲಸವನ್ನೂ ಕಲಿಸಿದರು. ಗಡಿಯಾರಗಳೇ ವಿರಳವಾಗಿದ್ದ ಕಾಲದಲ್ಲಿ ಅದರಿಂದ ಎಷ್ಟು ಮಂದಿ ಉಂಡಾರು! ಕಡೆಗೆ ನೇಯ್ಗೆಯು ಕೈಹಿಡಿಯಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರರು ಐರೋಪ್ಯ ಮಾದರಿಯ ಮಗ್ಗಗಳನ್ನು ಹೂಡಿದರು. ಖಾಕಿಯ ಬಣ್ಣವನ್ನು ಕಂಡುಹಿಡಿದವರು ಅವರೇ ಎಂದು ಮಂಗಳೂರಿನಲ್ಲಿ ಹೇಳುವುದುಂಟು.

ಹೆಂಚಿನ ಕಥೆಯು ಇನ್ನೂ ರಸವತ್ತಾದುದು. ಮಿಶನಿನ ಅಚ್ಚುಕೂಟದಲ್ಲಿದ್ದ ಗೆಯೋರ್ಗ್ ಪ್ಲೆಬ್‌ಸ್ಟರು ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಗಮನಿಸಿ, ಸ್ವದೇಶಕ್ಕೆ ಹೋಗಿದ್ದಾಗ ಕುಂಬಾರಿಕೆಯ ವಿದ್ಯೆಯನ್ನು ಅಭ್ಯಾಸ ಮಾಡಿ ಬಂದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರ ಹೆಂಚು ಎಂದು ಲೋಕಪ್ರಸಿದ್ಧವಾದುದು ಇದೇ. ಆ ಸೀಮೆಯ ಮಳೆಯನ್ನು ಬಲ್ಲವರಿಗೆ ಇದರ ಮಹತ್ವವನ್ನು ಹೇಳಬೇಕಾಗಿಲ್ಲ. ಮುಳಿಹುಲ್ಲಿನ ಮಾಡನ್ನು ಹೊದಿಸುವ ಖರ್ಚು, ಕಿಡಿ ಬಿದ್ದರೆ ಮನೆಯೇ ಬೂದಿಯಾಗುವ ಭಯ, ಎರಡೂ ಹೆಂಚಿನಿಂದ ತಪ್ಪಿದವು. ಅದೇ ನದಿಗಳ ಮಣ್ಣಿನಿಂದ ಊರಿನ ಇತರ ಉದ್ಯಮಿಗಳೂ ಕಾರ್ಖಾನೆಗಳನ್ನು ಕಟ್ಟಿದರು. ದೇವಸ್ಥಾನದ ಗೋಪುರದ ಪಕ್ಕದ ಪಾಕಶಾಲೆಗೂ ಆ ಹೆಂಚೇ ಏರಿತು. ಮಿಶನಿನವರು ತಮ್ಮವರ ಕೂಳಿಗೆಂದು ಹಿಡಿದ ಕೆಲಸವು ಊರಿಗೆಲ್ಲ ಸೂರಾದುದು ಹೀಗೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡದಿದ್ದರೆ ನ್ಯಾಯವಾಗದು. ಮಗ್ಗದ ಒಡೆಯನೂ ಮಿಶನ್, ಮನೆಯ ಒಡೆಯನೂ ಮಿಶನ್, ಶಾಲೆಯೂ ಔಷಧಾಲಯವೂ ಮಿಶನಿನವೇ; ದೀಕ್ಷಾಸ್ನಾನ ಕೊಡುವವರೂ ಕೂಲಿ ಕೊಡುವವರೂ ಒಂದೇ ಸಂಘದವರು. ಆವರಣದೊಳಗೆ ಹುಟ್ಟಿದವನು ಆವರಣದೊಳಗೇ ಓದಿ, ದುಡಿದು, ಮದುವೆಯಾಗಿ, ಅಲ್ಲಿಯ ಸ್ಮಶಾನಕ್ಕೆ ಸೇರಬಹುದಾಗಿತ್ತು. ಇದರಿಂದ ರಕ್ಷಣೆಯು ದೊರೆತುದು ನಿಜ. ಆದರೆ ಪಂಗಡದವರಿಗೆ ಬೀದಿಯ ಕಡೆಗೆ ಮುಖ ಮಾಡುವ ಅಗತ್ಯವೇ ಕಡಿಮೆಯಾಯಿತು. ಬದಲಾವಣೆಯೇನಾದರೂ ಬೇಕಾದರೆ ಬಾಸೆಲಿನಿಂದ ಕಾಗದ ಬರಬೇಕೆಂಬ ಮನೋಭಾವವೂ ಬೆಳೆಯಿತು. ಬಾಸೆಲಿನ ಪುಣ್ಯವಂತರು ಕೊಟ್ಟ ಹಣದಿಂದ ನಡೆಯುವ ಸಂಸ್ಥೆಯನ್ನು ತಮ್ಮದೆಂದು ಹೇಳಿಕೊಳ್ಳಲು ಧೈರ್ಯ ಬೇಕಷ್ಟೆ.

1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳಾದ ಕಾರಣ ಬಂಧನಕ್ಕೊಳಗಾಗಿ, ಮುಂದೆ ದೇಶವನ್ನೇ ಬಿಡಬೇಕಾಯಿತು. ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಸರಕಾರದ ವಶವಾಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಯ ಕೈಸೇರಿದವು. ಎಂಭತ್ತು ವರ್ಷ ತಲೆಯ ಮೇಲಿದ್ದ ಮಾಡು ಒಂದೇ ಗಾಳಿಗೆ ಹಾರಿಹೋದಂತಾಯಿತು. ಆಗ ಸಭೆಗಳನ್ನು ಉಳಿಸಿದವರಾರು? ಊರಿನವರೇ ಆದ ಬೋಧಕರು, ಉಪದೇಶಿಗಳು, ಶಾಲಾಮಾಸ್ತರರು, ಹಿರಿಯರು. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವುದನ್ನು ಅವರು ಅನಿವಾರ್ಯವಾಗಿ ಕಲಿತರು. ಈ ಬದಲಾವಣೆಯನ್ನು ಯಾರೂ ಬೇಡಿರಲಿಲ್ಲ. ಕೈಗೂಡಿದ ಮೇಲಾದರೋ ಅದನ್ನು ಹಿಂದಕ್ಕೆ ಕೊಡಲು ಯಾರೂ ಸಿದ್ಧರಿರಲಿಲ್ಲ. ಇಂದಿಗೂ ಹೊರಗಿನ ಹಣದಿಂದಲೇ ನಡೆಯುವ ಸೇವಾಕಾರ್ಯಗಳನ್ನು ಹೂಡಲು ಆತುರಪಡುವ ಹಿರಿಯರು ಈ ಕಥೆಯನ್ನು ಒಮ್ಮೆ ನೆನೆದು ಮುಂದುವರಿಯಬೇಕು. ಹತ್ತು ರೂಪಾಯಿ ಕಾಣಿಕೆಯಿಂದ ನಡೆಯುವ ಕೆಲಸಕ್ಕೆ ಹತ್ತು ಮಂದಿ ಕಾವಲಿರುತ್ತಾರೆ.

ಬಲವಂತದಿಂದ ಬಂದ ಬದಲಾವಣೆಯ ಮಾತು ಇದಾಯಿತು. ತಾವಾಗಿ ಬಯಸಿ, ತಾಳ್ಮೆಯಿಂದ ತಂದುಕೊಂಡ ಬದಲಾವಣೆಗೆ ದಕ್ಷಿಣ ಭಾರತ ಸಭೆಯ ಕಥೆಯಷ್ಟು ಬೋಧಪ್ರದವಾದುದು ಇನ್ನೊಂದಿಲ್ಲ. ಯುದ್ಧವು ಮುಗಿದ ಮಾರನೆಯ ವರ್ಷ, 1919ನೆಯ ಮೇ ತಿಂಗಳಲ್ಲಿ, ತರಂಗಂಬಾಡಿಯಲ್ಲಿ ಮೂವತ್ತಮೂರು ಮಂದಿ ಬೋಧಕರು ಕೂಡಿದರು. ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಭಾರತೀಯರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದ ವಿ. ಎಸ್. ಅಜರಾಯರು ಅವರಲ್ಲಿ ಮುಖ್ಯರು. ಅವರು ಕೇಳಿದ ಪ್ರಶ್ನೆ ಸರಳವಾದುದು. ಇಂಗ್ಲೆಂಡಿನಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ಹುಟ್ಟಿದ ಜಗಳಗಳಿಗಾಗಿ ನಮ್ಮ ಊರಿನ ಒಂದೇ ಬೀದಿಯಲ್ಲಿ ನಾವು ಮೂರು ಗೋಡೆಗಳನ್ನೇಕೆ ಕಟ್ಟಿಕೊಂಡಿರಬೇಕು? ನೆರೆಯವನು ನಮ್ಮನ್ನು ಕಂಡು ನಗುವುದಿಲ್ಲವೇ?

ಇಲ್ಲಿಯೂ ಬದಲಾವಣೆಯ ಕಾರಣವು ಬೀದಿಯಿಂದಲೇ ಬಂದುದನ್ನು ವಾಚಕರು ಗಮನಿಸಬೇಕು. ಆದರೆ ಕಾರಣವು ಸರಳವಾಗಿದ್ದರೂ ದಾರಿಯು ಸರಳವಾಗಿರಲಿಲ್ಲ. ಬಿಷಪರೆಂಬ ಮೇಲಧಿಕಾರಿ ಬೇಕೆಂದು ಆಂಗ್ಲಿಕನರು; ಅಂಥವರ ಗೊಡವೆಯೇ ಬೇಡವೆಂದು ಅಪ್ಪ ಅಜ್ಜಂದಿರ ಕಾಲದಿಂದ ನಂಬಿದ್ದವರು ದಕ್ಷಿಣ ಭಾರತ ಐಕ್ಯಸಭೆಯವರು; ಮೆಥೊಡಿಸ್ಟರದು ಇನ್ನೊಂದು ಸಂಪ್ರದಾಯ. ಬಿಷಪರ ಹಸ್ತದಿಂದ ದೀಕ್ಷೆ ಪಡೆಯದ ಬೋಧಕರಿಗೆ ಮತ್ತೊಮ್ಮೆ ದೀಕ್ಷೆ ಕೊಡಬೇಕೋ ಬೇಡವೋ ಎಂಬೊಂದು ಪ್ರಶ್ನೆಯ ಮೇಲೆಯೇ ವರ್ಷಗಟ್ಟಲೆ ಚರ್ಚೆಯಾಯಿತು. ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ಅಜರಾಯರು ಫಲವನ್ನು ಕಾಣದೆ 1945ರ ಮೊದಲ ದಿನ ತೀರಿಕೊಂಡರು. ಕಡೆಗೆ 1947ನೆಯ ಸೆಪ್ಟೆಂಬರ್ 27ರಂದು, ದೇಶವು ಸ್ವತಂತ್ರವಾಗಿ ಆರು ವಾರಗಳಾದಾಗ, ಮದರಾಸಿನ ಸೇಂಟ್ ಜಾರ್ಜ್ ಮಹಾದೇವಾಲಯದಲ್ಲಿ ಮೂರು ಸಭೆಗಳೂ ಒಂದಾದವು. ಸುಮಾರು ಹತ್ತು ಲಕ್ಷ ಜನರು ಒಂದೇ ಮನೆಯವರಾದರು. ಮೈಸೂರು ಸೀಮೆಯ ವೆಸ್ಲಿಯನ್ ಮೆಥೊಡಿಸ್ಟ್ ಸಭೆಗಳೂ ಅವರಲ್ಲಿ ಸೇರಿದ್ದವು.

ಈ ಒಡಂಬಡಿಕೆಯಲ್ಲಿ ನಮಗೆ ಬಹು ಹಿಡಿಸಿದ ಒಂದು ಅಂಶವುಂಟು. ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಆರಾಧನಾ ಪದ್ಧತಿಯನ್ನಾಗಲಿ, ಅದರ ಮನಸ್ಸಾಕ್ಷಿಗೆ ಒಪ್ಪದ ಬೋಧಕರನ್ನಾಗಲಿ ಹೇರಕೂಡದೆಂದು ಪರಸ್ಪರ ಮಾತು ಕೊಟ್ಟುಕೊಂಡರು. ಇದ್ದ ಬೋಧಕರೆಲ್ಲರನ್ನೂ ಇದ್ದ ಹಾಗೆಯೇ ಸ್ವೀಕರಿಸಿದರು. ಹೊಸದಾಗಿ ಬರುವವರಿಗೆ ಮಾತ್ರ ಬಿಷಪರಿಂದ ದೀಕ್ಷೆಯೆಂದು ಗೊತ್ತು ಮಾಡಿ, ಒಂದಾಗಿ ಬೆಳೆಯುವುದಕ್ಕೆ ಮೂವತ್ತು ವರ್ಷಗಳ ಅವಧಿಯನ್ನು ಇಟ್ಟುಕೊಂಡರು. ಮೂವತ್ತು ವರ್ಷವೆಂದರೆ ಒಂದು ತಲೆಮಾರು! ಮದುವೆಯಾದ ಮರುದಿನವೇ ಸೊಸೆಯು ತವರಿನ ರೀತಿಯನ್ನೆಲ್ಲ ಮರೆಯಬೇಕೆನ್ನುವ ಮನೆಗಳಿಗೂ, ಅವಳ ಕೈಯ ಅಡಿಗೆಯನ್ನೂ ಎಲೆಯ ಒಂದು ಬದಿಗೆ ಬಡಿಸಿಕೊಂಡು ರುಚಿ ನೋಡುವ ಮನೆಗಳಿಗೂ ಇರುವ ಅಂತರವು ಇಲ್ಲಿ ಕಾಣುತ್ತದೆ.

ಇಷ್ಟಾದರೂ ಎಲ್ಲರೂ ಬರಲಿಲ್ಲ. ಆಂಧ್ರದ ನಂದ್ಯಾಲದ ಕಡೆಯ ಆಂಗ್ಲಿಕನರು ಬಹು ಮಂದಿ ಹೊರಗೇ ಉಳಿದರು. ಅವರನ್ನು ಬೈದು ಅಟ್ಟಲಿಲ್ಲ; ಮಾತುಕತೆಯ ಬಾಗಿಲು ತೆರೆದೇ ಇತ್ತು, ಅನೇಕರು ದಶಕಗಳ ತರುವಾಯ ಬಂದರು. ಕಾಲದ ವೈಚಿತ್ರ್ಯವನ್ನು ನೋಡಿರಿ: ದಕ್ಷಿಣ ಭಾರತ ಸಭೆಯು 2013ರಲ್ಲಿ ಮೊತ್ತಮೊದಲು ಒಬ್ಬ ಸ್ತ್ರೀಯನ್ನು ಬಿಷಪರ ಪೀಠದಲ್ಲಿ ಕುಳ್ಳಿರಿಸಿದಾಗ ಆಕೆ, ಅಂದರೆ ಎಗ್ಗೋನಿ ಪುಷ್ಪಲಲಿತರು, ನೇಮಕವಾದುದು ಅದೇ ನಂದ್ಯಾಲಕ್ಕೆ.

ಹೊಸ ಸಭೆಯು 1950ರಲ್ಲಿ ಪ್ರಭುಭೋಜನದ ಸಂಸ್ಕಾರಕ್ಕೆ ಒಂದು ಹೊಸ ಕ್ರಮವನ್ನು ರಚಿಸಿಕೊಂಡಿತು. ಅದರಲ್ಲಿ ಬೋಧಕರಿಂದ ಆರಂಭಿಸಿ ಒಬ್ಬರು ಇನ್ನೊಬ್ಬರ ಕೈಗಳನ್ನು ತಮ್ಮ ಕೈಗಳೊಳಗೆ ತೆಗೆದುಕೊಂಡು ಸಮಾಧಾನವನ್ನು ಹಂಚುವ ಒಂದು ವಿಧಿಯುಂಟು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಇದು ಪುರಾತನದಿಂದ ನಡೆದುಬಂದುದು. ನೋಡುವವರಿಗೆ ಇದು ಕೈಜೋಡಿಸುವ ನಮ್ಮ ನಮಸ್ಕಾರದ ತಮ್ಮನಂತೆ ಕಾಣುತ್ತದೆ. ಹೊಸತನ್ನು ಹುಡುಕಹೊರಟವರು ನೆರೆಮನೆಯ ಹಳೆಯ ಪೆಟ್ಟಿಗೆಯಲ್ಲಿ ಅದನ್ನು ಕಂಡರು. ಅಪರಿಚಿತವಾದುದೆಂದು ಗೊಣಗಿದವರೂ ಇದ್ದಿರಬೇಕು. ಆದರೆ ಪಕ್ಕದಲ್ಲಿ ಕುಳಿತವನ ಕೈಯನ್ನು ಹಿಡಿದ ಮೇಲೆ ಗೊಣಗುವುದು ಕಷ್ಟ.

ಕಥೋಲಿಕರಲ್ಲಿ ಬದಲಾವಣೆಯು ಮೇಲಿನಿಂದ ಬಂದಿತು. 1962ರಿಂದ 1965ರ ವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, ಲ್ಯಾಟಿನಿನಲ್ಲಿ ನಡೆಯುತ್ತಿದ್ದ ಪೂಜೆಯು ಜನರ ಭಾಷೆಗಳಿಗೆ ಇಳಿಯಿತು. ಬೆನ್ನು ತೋರಿಸಿ ನಿಲ್ಲುತ್ತಿದ್ದ ಗುರುಗಳು ಜನರತ್ತ ತಿರುಗಿ ನಿಂತರು. ಬೆಂಗಳೂರಿನಲ್ಲಿ 1967ರಲ್ಲಿ ಅಮಲೋರ್‌ಪವದಾಸ್ ಪಾದ್ರಿಗಳ ನೇತೃತ್ವದಲ್ಲಿ ತೆರೆದ ರಾಷ್ಟ್ರೀಯ ಕೇಂದ್ರವೊಂದು ದೇಶೀಯ ರೀತಿಯ ಆರಾಧನೆಯ ಪ್ರಯೋಗಗಳಿಗೆ ನೆಲೆಯಾಯಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿ, ಆರತಿ, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ, ಇಂಥವುಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆಯೂ ದೊರೆಯಿತು. ಭಕ್ತರಲ್ಲಿ ಕೆಲವರು ಸಂತೋಷಪಟ್ಟರು; ಕೆಲವರು ನಮ್ಮನ್ನು ಹಿಂದೂಗಳನ್ನಾಗಿ ಮಾಡುತ್ತಿದ್ದಾರೆಂದು ಕೋಪಗೊಂಡರು. ದೀಪದ ಮೇಲೆ ತಪ್ಪೇನಿತ್ತು? ಏನೂ ಇಲ್ಲ. ಆದರೆ ಮನೆಯ ಯಜಮಾನನು ಯಾರನ್ನೂ ಕೇಳದೆ ಪೇಟೆಯಿಂದ ತಂದಿಟ್ಟ ಒಳ್ಳೆಯ ಪಾತ್ರೆಯೂ ಅಟ್ಟಕ್ಕೆ ಸೇರುವುದುಂಟು. ಬೆಂಗಳೂರಿನಲ್ಲಿ ಪೂಜೆಯು ಯಾವ ಭಾಷೆಯಲ್ಲಿ ನಡೆಯಬೇಕೆಂಬ ವಿವಾದವು ದಶಕಗಳ ಕಾಲ ಉರಿದುದನ್ನು ಕಂಡರೆ, ಜನಭಾಷೆಯೆಂಬ ಒಂದೇ ಮಾತಿನೊಳಗೆ ಕನ್ನಡ, ತಮಿಳು, ಕೊಂಕಣಿಗಳೆಂಬ ಎಷ್ಟು ಮನೆಗಳಿವೆಯೆಂಬುದು ತಿಳಿಯುತ್ತದೆ.

ಇನ್ನು ನಮ್ಮ ಕಾಲದ ಸಭೆಗಳು ಮಾಡತಕ್ಕದ್ದೇನು ಎಂಬ ಮಾತಿಗೆ ಬರೋಣ. ನಮ್ಮಲ್ಲಿ ಯೋಜನೆಗಳಿಗೇನೂ ಕೊರತೆಯಿಲ್ಲ. ಸಮಿತಿಯು ಕೂಡುತ್ತದೆ, ಊರಿಗೆ ಹೊಲಿಗೆಯ ತರಗತಿ ಬೇಕೆಂದು ತೀರ್ಮಾನಿಸುತ್ತದೆ, ಯಂತ್ರಗಳನ್ನು ತರಿಸುತ್ತದೆ. ಕಲಿಯುವವರು ಮಾತ್ರ ಬರುವುದಿಲ್ಲ. ಯಾಕೆಂದರೆ ಆ ಬೀದಿಯ ಹೆಂಗಸರೆಲ್ಲರೂ ಆ ಹೊತ್ತಿಗೆ ಕೂಲಿಗೆ ಹೋಗಿರುತ್ತಾರೆ. ಅವರಿಗೆ ಬೇಕಾಗಿದ್ದುದು ಸಂಜೆ ಆರರ ವರೆಗೆ ಮಕ್ಕಳನ್ನು ಕುಳ್ಳಿರಿಸಿ ಪಾಠ ಓದಿಸುವವರು ಒಬ್ಬರು, ಕೇಳಿದ್ದರೆ ಹೇಳುತ್ತಿದ್ದರು. ಆದುದರಿಂದ ಯೋಜನೆಗೆ ಮುಂಚೆ ನಾಲ್ಕು ವಾರ ಸುಮ್ಮನೆ ನಡೆದಾಡಬೇಕೆಂದು ನಾವು ಹೇಳುತ್ತೇವೆ. ಇಬ್ಬಿಬ್ಬರಾಗಿ, ಒಬ್ಬರು ಹಿರಿಯರು ಒಬ್ಬರು ಕಿರಿಯರು, ದೇವಾಲಯದ ಸುತ್ತಲಿನ ಬೀದಿಗಳಲ್ಲಿ ನಡೆಯಲಿ. ಕೈಯಲ್ಲಿ ಕರಪತ್ರ ಬೇಡ, ಕಾಣಿಕೆಯ ಡಬ್ಬಿಯೂ ಬೇಡ. ಅಂಗಡಿಯವರನ್ನು, ಅಂಗನವಾಡಿಯ ಅಮ್ಮನನ್ನು, ಶಾಲೆಯ ಮುಖ್ಯೋಪಾಧ್ಯಾಯರನ್ನು, ದೇವಸ್ಥಾನದ ಅರ್ಚಕರನ್ನು, ಮಸೀದಿಯ ಹಿರಿಯರನ್ನು ಕಂಡು ಮಾತಾಡಲಿ. ನೀರು ಯಾವ ದಿನ ಬರುವುದಿಲ್ಲ, ಯಾವ ಮನೆಯಲ್ಲಿ ಮುದುಕರು ಒಬ್ಬಂಟಿಗರು, ಯಾವ ಮಕ್ಕಳು ಶಾಲೆ ಬಿಟ್ಟಿದ್ದಾರೆ, ಇವುಗಳನ್ನು ಬರೆದುಕೊಂಡು ಬರಲಿ. ಹೀಗೆ ನಡೆದವರು ಮರಳಿ ಬಂದು ಸಭೆಯ ಮುಂದೆ ಹೇಳುವ ಮಾತಿನ ತೂಕವೇ ಬೇರೆ. ಅಂಥವರಲ್ಲಿ ಮುದುಕರಾದವರೇ ಮೊದಲು ಬದಲಾವಣೆಗೆ ಒಪ್ಪುವುದನ್ನು ನಾವು ಕಂಡಿದ್ದೇವೆ.

ದೊಡ್ಡ ಸಂಸ್ಥೆಗಳೂ ಹೀಗೆಯೇ ಹುಟ್ಟಿದವು. ಮಂಗಳೂರಿನ ಅಗಸ್ಟಸ್ ಮುಲ್ಲರ್ ಪಾದ್ರಿಗಳು ಪಾಠ ಹೇಳಲೆಂದು ಬಂದ ಜೆಸುವಿಟರು. ಅವರ ಬಳಿ ಹೋಮಿಯೋಪತಿಯ ಔಷಧಗಳಿದ್ದವು. ವಿದ್ಯಾರ್ಥಿಗಳಿಗೆ ಕೊಟ್ಟರು, ಗುಣವಾದವರು ಮನೆಯವರಿಗೆ ಹೇಳಿದರು, ಊರವರು ಬಾಗಿಲಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯವು ಆರಂಭವಾಯಿತು, 1890ರಲ್ಲಿ ಕುಷ್ಠರೋಗಿಗಳ ಆಶ್ರಯವು ಸೇರಿತು, ಇಂದು ಅದೊಂದು ದೊಡ್ಡ ಆಸ್ಪತ್ರೆ ಮತ್ತು ವೈದ್ಯಕಾಲೇಜು. ಮೊದಲು ಕಟ್ಟಡವಲ್ಲ, ಮೊದಲು ರೋಗಿ.

ಇಲ್ಲಿ ಕಹಿಯಾದರೂ ಒಂದು ಮಾತನ್ನು ಹೇಳಲೇಬೇಕು. ನೆರವಿನ ಹಿಂದೆ ಮತಾಂತರದ ಗಾಳವಿದೆಯೆಂಬ ಸಂಶಯವು ನಮ್ಮ ನಾಡಿನಲ್ಲಿ ಬಲವಾಗಿದೆ. 2008ನೆಯ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ಸುತ್ತಮುತ್ತಲೂ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳಾದುದನ್ನು ಆ ಊರವರು ಮರೆತಿಲ್ಲ. ಆ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಪ್ರಾರ್ಥನೆ ಮಾಡುವವರ ಮೇಲೆ ಕೈಯೆತ್ತುವುದು ಯಾವ ಧರ್ಮದಲ್ಲಿಯೂ ಧರ್ಮವಲ್ಲ. ಸಭೆಗಳಿಗೆ ನಾವು ಹೇಳುವುದು ಬೇರೆ. ತನ್ನ ನಂಬಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಸಂವಿಧಾನದಿಂದಲೇ ದೊರೆತಿದೆ. ಆದರೆ ಹಸಿದವನ ತಟ್ಟೆಗೆ ಅನ್ನವನ್ನೂ ಉಪದೇಶವನ್ನೂ ಒಂದೇ ಸೌಟಿನಿಂದ ಬಡಿಸಿದರೆ ಎರಡೂ ಕೆಡುತ್ತವೆ. ಉಂಡವನು ಅನ್ನಕ್ಕಾಗಿ ತಲೆದೂಗಿದನೋ ಉಪದೇಶಕ್ಕಾಗಿಯೋ ಬಡಿಸಿದವನಿಗೂ ತಿಳಿಯದು. ನೆರವು ಕೊಡುವ ಕೆಲಸದ ಸಮಿತಿಯಲ್ಲಿ ಕ್ರೈಸ್ತರಲ್ಲದ ಇಬ್ಬರು ನೆರೆಯವರನ್ನು ಸೇರಿಸಿಕೊಂಡು, ಲೆಕ್ಕದ ಪುಸ್ತಕವನ್ನು ಅವರ ಮುಂದೆಯೂ ತೆರೆದಿಡುವ ಸಭೆಯ ಮೇಲೆ ಯಾರಾದರೂ ಅಪವಾದ ಹೊರಿಸಿದರೆ, ಉತ್ತರ ಕೊಡಲು ಊರೇ ನಿಲ್ಲುತ್ತದೆ.

ಹೊರಗೆ ಹೊರಡುವ ಮುಂಚೆ ಒಳಗೂ ಒಮ್ಮೆ ಕಣ್ಣಾಡಿಸಬೇಕು. ಜಾತಿಯನ್ನು ಬಿಟ್ಟು ಬಂದೆವೆನ್ನುವವರ ಮದುವೆಯ ಮಾತುಕತೆಗಳಲ್ಲಿ ಅದು ಹಿಂಬಾಗಿಲಿನಿಂದ ಬಂದು ಕುಳಿತಿರುವುದು ಗುಟ್ಟೇನೂ ಅಲ್ಲ. ದಕ್ಷಿಣದ ಕೆಲವು ಊರುಗಳ ಕ್ರೈಸ್ತ ಸ್ಮಶಾನಗಳಲ್ಲಿ ಜಾತಿಗೊಂದು ಭಾಗವಿರುವುದೂ ಗುಟ್ಟಲ್ಲ. ಬೀದಿಯವರು ಇದನ್ನೆಲ್ಲ ನೋಡುತ್ತಿರುತ್ತಾರೆ. ಸ್ತ್ರೀಯರ ವಿಷಯದಲ್ಲಿಯೂ ಹಾಗೆಯೇ. ಸಭೆಯ ರೋಗಿಗಳನ್ನು ನೋಡಿಬರುವವರು, ಬಾಣಂತಿಗೆ ಗಂಜಿ ಒಯ್ಯುವವರು, ಮಕ್ಕಳ ಭಾನುವಾರದ ಪಾಠ ನಡೆಸುವವರು ಸ್ತ್ರೀಯರು. ಹಣದ ವಿನಿಯೋಗವನ್ನು ತೀರ್ಮಾನಿಸುವ ಮೇಜಿನ ಸುತ್ತ ಮಾತ್ರ ಪಂಚೆಗಳೂ ಷರಾಯಿಗಳೂ! ಬೀದಿಯನ್ನು ಅವರಷ್ಟು ಬಲ್ಲವರಿಲ್ಲದಿರಲು, ಆ ಮೇಜಿನಲ್ಲಿ ಅರ್ಧ ಪೀಠಗಳನ್ನು ಅವರಿಗೆ ಬಿಟ್ಟುಕೊಡುವುದು ಉಪಕಾರವಲ್ಲ, ಲಾಭ.

ವೃದ್ಧರನ್ನು ನೋಯಿಸದೆ ಬದಲಾವಣೆಯನ್ನು ತರುವುದು ಹೇಗೆಂದು ಕೇಳುವ ಬೋಧಕರಿಗೆ 1947ರವರ ಉಪಾಯವನ್ನೇ ತೋರಿಸುತ್ತೇವೆ. ಹೇರಬೇಡಿರಿ, ಅವಧಿಯನ್ನು ಇಟ್ಟುಕೊಳ್ಳಿರಿ. ಬೆಳಗಿನ ಆರಾಧನೆಯು ಹಳೆಯ ಗೀತೆಗಳೊಡನೆ ಇದ್ದಂತೆಯೇ ಇರಲಿ; ಹೊಸ ವಾದ್ಯ, ಹೊಸ ಕ್ರಮಗಳಿಗೆ ಸಂಜೆಯ ಒಂದು ಹೊತ್ತನ್ನು ಆರು ತಿಂಗಳಿಗೆಂದು ಗೊತ್ತುಪಡಿಸಿ ಕೊಡಿರಿ. ಆರು ತಿಂಗಳ ಮೇಲೆ ಎಲ್ಲರೂ ಕುಳಿತು ಮಾತಾಡಬಹುದೆಂದು ಮೊದಲೇ ಹೇಳಿರಿ, ಹೇಳಿದಂತೆ ಕುಳಿತುಕೊಳ್ಳಿರಿ. ಎಂಭತ್ತು ವರ್ಷದ ಅಜ್ಜಿಗೆ ಆ ಹಳೆಯ ಗೀತೆಯೊಂದಿಗೆ ತೀರಿಹೋದ ಗಂಡನ ಸ್ವರವೂ ಕೇಳಿಸುತ್ತಿರುತ್ತದೆ. ಅದನ್ನು ಬರಿಯ ಹಟವೆಂದು ಎಣಿಸುವ ಯುವಕರು ಇನ್ನೂ ಹಲವು ಸಂಗತಿಗಳನ್ನು ಕಲಿಯಬೇಕಾಗಿದೆ. ಯುವಕರನ್ನೂ ಬರಿಯ ಕುರ್ಚಿ ಹೊರುವ ಕೆಲಸಕ್ಕೆ ಕರೆಯಬಾರದು. ಲೆಕ್ಕ ಬರೆಯುವುದು, ಮಕ್ಕಳಿಗೆ ಪಾಠ ಹೇಳುವುದು, ರಕ್ತದಾನದ ಶಿಬಿರ ನಡೆಸುವುದು, ಇಂಥ ಪೂರ್ಣ ಹೊಣೆಯ ಒಂದು ಕೆಲಸವನ್ನು ಅವರ ಕೈಗೆ ಬಿಟ್ಟು ಹಿರಿಯರು ಸ್ವಲ್ಪ ದೂರ ಕುಳಿತಿರಬೇಕು.

ಕಡೆಗೆ ಸಭಾಭವನದ ಬೀಗದ ಕೈಯ ಮಾತು. ಅನೇಕ ಸಭೆಗಳಿಗೆ ಊರ ನಡುವೆ ಒಳ್ಳೆಯ ಭವನವಿರುತ್ತದೆ. ಕ್ರಿಸ್‌ಮಸ್ಸಿಗೂ ಮದುವೆಗಳಿಗೂ ತೆರೆದು, ವರ್ಷದ ಉಳಿದ ದಿನಗಳಲ್ಲಿ ಜೇಡಗಳಿಗೆ ಒಪ್ಪಿಸಿರುತ್ತಾರೆ. ಅಕ್ಕಪಕ್ಕದ ಒಂದು ಕೋಣೆಯ ಮನೆಗಳಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ದೀಪವೂ ಮೇಜೂ ಇರುವುದಿಲ್ಲ. ಸಂಜೆ ಆರರಿಂದ ಒಂಬತ್ತರ ವರೆಗೆ ಭವನವನ್ನು ಅವರಿಗೆ ತೆರೆದಿಟ್ಟರೆ ತಗಲುವ ವೆಚ್ಚವು ವಿದ್ಯುತ್ತಿನದು, ಮತ್ತು ಸರದಿಯಂತೆ ಅಲ್ಲಿ ಕುಳಿತಿರುವ ಒಬ್ಬರು ನಿವೃತ್ತ ಉಪಾಧ್ಯಾಯರ ಕಾಫಿಯದು. ಗೋಡೆ ಕೊಳೆಯಾಗುವುದೆಂಬ ಆಕ್ಷೇಪಣೆ ಬಂದೇ ಬರುವುದು. ಸುಣ್ಣಕ್ಕೆಂದು ವರ್ಷಕ್ಕಿಷ್ಟು ಹಣವನ್ನು ಆಯವ್ಯಯದಲ್ಲಿ ಮೊದಲೇ ತೆಗೆದಿರಿಸಿ, ಬೀಗದ ಒಂದು ಕೈಯನ್ನು ಸ್ತ್ರೀಯರ ಕೂಟದವರ ವಶಕ್ಕೂ, ಇನ್ನೊಂದನ್ನು ಎದುರು ಮನೆಯವರ ವಶಕ್ಕೂ ಕೊಟ್ಟಿರುವುದು ಅನುಕೂಲ.